ದಮ್ ಎಷ್ಟುಂಟು?

ನಾವು ಕನ್ನಡದಲ್ಲಿ ಇಷ್ಟು ಉದ್ದ ಬರೆಯುತ್ತಿರುವುದು ಹತ್ತನೇ ಕ್ಲಾಸಿನ ಪ್ರಬಂಧದ ನಂತರ ಇದೇ ಮೊದಲು. ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ದರೆ ಕನ್ನಡ ಸಂಘದವರು ಸರಿ ಮಾಡಿಕೊಳ್ಳಲಿ. ಲೆಕ್ಕ ತಪ್ಪಿದ್ದರೆ ಮಾತ್ರ ನಮಗೆ ಹೇಳಿ.

ನಾವು ಅಂದರೆ ಮೂವರು, ಮೆಕ್ಯಾನಿಕಲ್ ಎರಡನೇ ವರ್ಷ. ಒಬ್ಬ ಪುತ್ತೂರು, ಒಬ್ಬಳು ಸುಳ್ಯ, ಒಬ್ಬ ಕಡಬ. ಫಸ್ಟ್ ಸೆಮ್‌ನ ಮೊದಲ ದಿನ ಪರಿಚಯ ಹೇಳುವಾಗ ಮೂವರೂ ಸಾಲಾಗಿ ನಿಂತು ಊರಿನ ಹೆಸರು ಹೇಳಿದ್ದೆವು. ಅಂದಿನಿಂದ ಕ್ಲಾಸಿನಲ್ಲಿ ನಮಗೆ ಅದೇ ಹೆಸರು. "ಏ ಸುಳ್ಯ, ರೆಕಾರ್ಡ್ ಕೊಡು" ಅಂತ ಕರೆದರೆ ಬಸ್ ಸ್ಟ್ಯಾಂಡಿನಲ್ಲಿ ಇದ್ದ ಹಾಗೆ ಅನ್ನಿಸುತ್ತದೆ. ಇದನ್ನು ಟೈಪ್ ಮಾಡಿದ್ದು ಒಬ್ಬರೇ, ಆದರೆ ಗ್ರೀಸ್ ಆದದ್ದು ಮೂವರ ಕೈಗೂ. ಹಾಗಾಗಿ ನಾವು ಅಂತಲೇ ಬರೆಯುತ್ತೇವೆ.

ಕಡಬದ ಮನೆ ಇರುವುದು ಪೇಟೆಯಿಂದ ನಾಲ್ಕು ಕಿಲೋಮೀಟರ್ ಆಚೆ, ಮರ್ಧಾಳದ ಕಡೆಗೆ. ಅವನ ಅಪ್ಪನದ್ದು ಬೇಕರಿ ಐಟಂ ಲೈನ್ ಸೇಲ್. ಬೆಳಗ್ಗೆ ಐದಕ್ಕೆ ಓಮ್ನಿಗೆ ಬ್ರೆಡ್, ಬನ್ನು, ರಸ್ಕು ತುಂಬಿಸಿ ಹೊರಟರೆ ಒಂದು ದಿನ ಆಲಂಕಾರು, ರಾಮಕುಂಜ. ಮತ್ತೊಂದು ದಿನ ಬಿಳಿನೆಲೆ, ನೆಟ್ಟಣ, ಸುಬ್ರಹ್ಮಣ್ಯ. ಅರ್ಧ ಎಕರೆ ಅಡಿಕೆ ತೋಟ ಉಂಟು, ಆದರೆ ಮನೆ ನಡೆಯುವುದು, ಕಡಬದ ಫೀಸ್ ಕಟ್ಟುವುದು ಆ ಓಮ್ನಿಯಿಂದ. 2011ರ ಮಾಡೆಲ್, 1.7 ಲಕ್ಷ ಕಿಲೋಮೀಟರ್ ಓಡಿದೆ. ಮಾರುತಿಯವರು ಈ ವ್ಯಾನನ್ನು 1984ರಲ್ಲಿ ಶುರು ಮಾಡಿ 2019ರಲ್ಲಿ ನಿಲ್ಲಿಸಿದರು. ನಮ್ಮ ಕಡೆಯ ರಸ್ತೆಗಳಲ್ಲಿ ನೋಡಿದರೆ ನಿಲ್ಲಿಸಿದ ಹಾಗೆ ಅನ್ನಿಸುವುದೇ ಇಲ್ಲ.

ಮೂರನೇ ಸೆಮ್ ಪರೀಕ್ಷೆ ಮುಗಿದ ವಾರ ಕಡಬ ಫೋನ್ ಮಾಡಿದ. ಗಾಡಿ ಏರು ಹತ್ತುತ್ತಿಲ್ಲವಂತೆ. ನಿಲ್ಲಿಸಿದಾಗ ಗಡಗಡ ನಡುಗುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಒಂದು ಗ್ಯಾರೇಜಿನಲ್ಲಿ ತೋರಿಸಿದ್ದಕ್ಕೆ, "ಇದಕ್ಕೆ ದಮ್ ಇಲ್ಲ, ಎಂಜಿನ್ ಬಿಚ್ಚಬೇಕು, ಬೋರ್ ಮಾಡಿಸಿ ಪಿಸ್ಟನ್, ರಿಂಗ್ ಎಲ್ಲ ಹೊಸತು ಹಾಕಬೇಕು, ಎಲ್ಲ ಸೇರಿ 38 ಸಾವಿರ" ಅಂದಿದ್ದಾರೆ. ಅಷ್ಟರಲ್ಲಿ ಬ್ರೋಕರ್ ಒಬ್ಬರು ಇದ್ದ ಹಾಗೇ 40 ಸಾವಿರಕ್ಕೆ ಕೇಳಿದ್ದಾರೆ. ಗಾಡಿ ಕೊಟ್ಟುಬಿಟ್ಟು, ಸೊಸೈಟಿಯಲ್ಲಿ ಸಾಲ ತೆಗೆದು ಸೆಕೆಂಡ್ ಹ್ಯಾಂಡ್ ಪಿಕಪ್ ತೆಗೆದುಕೊಳ್ಳುವ ಅಂತ ಅಪ್ಪನ ಲೆಕ್ಕ. ಬ್ರೋಕರ್ ಸೋಮವಾರ ಬರುತ್ತಾರೆ. ಫೋನ್ ಬಂದದ್ದು ಗುರುವಾರ.

"ಆ ದಮ್ ಅಂದರೆ ನಮ್ಮ ಕಂಪ್ರೆಷನ್ ಅಲ್ವಾ?" ಅಂತ ಕಡಬ ಕೇಳಿದ. "ಅದನ್ನು ಅಳತೆ ಮಾಡ್ಲಿಕ್ಕೆ ಆಗ್ತದಲ್ವಾ?"

ಆಗ್ತದೆ. ಥರ್ಮೊಡೈನಾಮಿಕ್ಸ್ ಪೇಪರಿನಲ್ಲಿ ಓಟೊ ಸೈಕಲ್ ಬರೆದು ಒಂದು ವಾರ ಆಗಿತ್ತಷ್ಟೆ. ಪಿ-ವಿ ಡಯಾಗ್ರಮ್ ಕಣ್ಣು ಮುಚ್ಚಿ ಬಿಡಿಸುತ್ತೇವೆ. ಆದರೆ ಮೂವರಲ್ಲಿ ಒಬ್ಬರೂ ಅಲ್ಲಿಯವರೆಗೆ ಸ್ವಂತ ಕೈಯಿಂದ ಒಂದು ಸ್ಪಾರ್ಕ್ ಪ್ಲಗ್ ಕಳಚಿರಲಿಲ್ಲ.

ಪುತ್ತೂರಿನವನ ಸೋದರಮಾವ ಹಿಂದೆ ದರ್ಬೆಯ ಹತ್ತಿರ ಜೀಪುಗಳ ಕೆಲಸ ಮಾಡುತ್ತಿದ್ದವರು. ಈಗ ಮಂಡಿನೋವು, ಮನೆಯಲ್ಲೇ ಇರುತ್ತಾರೆ. ಅವರ ಹತ್ತಿರ ಹಳೆಯ ಕಂಪ್ರೆಷನ್ ಗೇಜ್ ಇತ್ತು, ಹರಿದ ಲುಂಗಿಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ಟಯರಿಗೆ ಗಾಳಿ ನೋಡುವ ಮೀಟರಿನ ಹಾಗೆಯೇ ಇರುತ್ತದೆ. ತುದಿಯಲ್ಲಿ ಒಂದು ಹೋಸ್, ಹೋಸಿನ ಕೊನೆಗೆ ಪ್ಲಗ್ ಕೂರುವ ತೂತಿಗೆ ಸರಿಯಾದ ಥ್ರೆಡ್. ಮಾವ ಏನೋ ವಿವರಿಸಲು ಶುರು ಮಾಡಿದರು. ಪುತ್ತೂರು, "ಗೊತ್ತುಂಟು ಮಾವ, ಯೂಟ್ಯೂಬಲ್ಲಿ ನೋಡಿದ್ದೇವೆ" ಅಂತ ಹೇಳಿ ಉಪ್ಪಿನಂಗಡಿ ಬಸ್ ಹಿಡಿದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತದೆ.

ಶನಿವಾರ ಸುಳ್ಯದವಳು ಪಂಜದ ದಾರಿಯಾಗಿ ಬಂದಳು, ಕೈಯಲ್ಲಿ ಲ್ಯಾಬ್‌ನ ಅಬ್ಸರ್ವೇಷನ್ ಬುಕ್. ಕಡಬದ ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದರು. ಒಂದು ಮೂಲೆಯ ಅಡಿಕೆ ಗುಡಿಸಿ ಗಾಡಿಗೆ ಜಾಗ ಮಾಡಿದೆವು. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಸೀಟು ಎತ್ತಿದರೆ ಪುಟ್ಟ ಎಂಜಿನ್: ಮೂರು ಸಿಲಿಂಡರ್, ಬೋರ್ 68.5 ಮಿಲಿಮೀಟರ್, ಸ್ಟ್ರೋಕ್ 72, ಒಟ್ಟು 796 ಸಿಸಿ. ಒಂದೊಂದು ಸಿಲಿಂಡರಿಗೆ 265 ಸಿಸಿ, ಅಂದರೆ ಒಂದು ದೊಡ್ಡ ಲೋಟ ಚಹಾದಷ್ಟು ಜಾಗ. ಮೂರು ಲೋಟದ ಶಕ್ತಿಯಲ್ಲಿ ಹದಿನೈದು ವರ್ಷ ಒಂದು ಮನೆ ನಡೆದಿದೆ.

ಅಂಕಲ್ ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕೂತರು. "ನೀವು ಈಗ ನೋಡುವುದು ಎಂತದು ಮಕ್ಕಳೇ?" ಅಂತ ಕೇಳಿದರು.

ಇಲ್ಲಿ ನಮಗೆ ಮೊದಲ ಪೆಟ್ಟು. ಇಂಗ್ಲಿಷಿನಲ್ಲಿ ಕೇಳಿದ್ದರೆ ಐದು ಮಾರ್ಕಿನ ಉತ್ತರ ರೆಡಿ ಇತ್ತು. ಕನ್ನಡದಲ್ಲಿ ಬಾಯಿ ಬರಲಿಲ್ಲ. ಸುಳ್ಯ ಫೋನಿನಲ್ಲಿ ಹುಡುಕಿ "ಸಂಪೀಡನ" ಅಂದಳು. ಅಂಕಲ್ ಅವಳ ಮುಖ ನೋಡಿದರು. ಕೊನೆಗೆ ಕಡಬ ಸೈಕಲ್ ಪಂಪ್ ಹೇಳಿ ವಿವರಿಸಿದ. ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ಗಾಳಿ ಬೆರಳನ್ನು ದೂಡುತ್ತದೆ. ವಾಷರ್ ಸವೆದಿದ್ದರೆ, ಎಲ್ಲಾದರೂ ಲೀಕ್ ಇದ್ದರೆ ದೂಡುವುದಿಲ್ಲ. ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬರುವಾಗ ಗಾಳಿ ಹಾಗೆಯೇ ಒತ್ತಿ ಹಿಡಿಯಬೇಕು, ಹಿಡಿದರೆ ಮಾತ್ರ ಪೆಟ್ರೋಲ್ ಸರಿಯಾಗಿ ಉರಿದು ಶಕ್ತಿ ಬರುತ್ತದೆ. ಎಷ್ಟು ಹಿಡಿಯುತ್ತದೆ ಅಂತ ಈ ಗೇಜ್ ಹೇಳುತ್ತದೆ. "ಓ, ದಮ್ ಎಷ್ಟುಂಟು ಅಂತ ನೋಡುವುದು" ಅಂದರು ಅಂಕಲ್. ಹೌದು, ಅಷ್ಟೇ.

ಟೆಸ್ಟ್ ಮಾಡಿದೆವು. ಒಂದು ಪ್ಲಗ್ ಕಳಚುವುದು, ಗೇಜ್ ತಿರುಗಿಸುವುದು, ಕೀ ತಿರುಗಿಸಿ ಸ್ಟಾರ್ಟರ್ ಹೊಡೆಯುವುದು, ರೀಡಿಂಗ್ ಬರೆಯುವುದು, ಪ್ಲಗ್ ವಾಪಸ್ ಹಾಕಿ ಮುಂದಿನದ್ದಕ್ಕೆ ಹೋಗುವುದು. ಒಂದನೇ ಸಿಲಿಂಡರ್ 70 ಪಿಎಸ್‌ಐ. ಎರಡನೆಯದು 65. ಮೂರನೆಯದು 40. ಪೆಟ್ರೋಲ್ ಎಂಜಿನ್ನಿಗೆ 150ರ ಆಸುಪಾಸು ಬರಬೇಕು, 100ಕ್ಕಿಂತ ಕೆಳಗೆ ಬಂದರೆ ಕಷ್ಟ ಅಂತ ನಾವು ನೋಡಿ ಬಂದಿದ್ದೆವು. ಮೂರೂ ಒಟ್ಟಿಗೆ ಕಡಿಮೆ ಅಂದರೆ ರಿಂಗ್, ಬೋರ್ ಸವೆದಿದೆ ಅಂತ ಅರ್ಥ. ಗ್ಯಾರೇಜಿನವರು ಹೇಳಿದ್ದೂ ಅದನ್ನೇ.

"ಅಂಕಲ್, ಮೂರೂ ಹೋಗಿದೆ" ಅಂತ ಹೇಳಿಬಿಟ್ಟೆವು. ಯಾರು ಹೇಳಿದ್ದು ಅಂತ ಈಗ ಯಾರೂ ಒಪ್ಪುವುದಿಲ್ಲ. ಮೂವರೂ ಹೇಳಿದ್ದು ಅಂತಲೇ ಇಟ್ಟುಕೊಳ್ಳಿ. ಹೇಳುವಾಗ ಸ್ವಲ್ಪ ಖುಷಿಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಟೆಸ್ಟ್ ಮಾಡಿದೆವು, ನಂಬರ್ ಬಂತು, ಥಿಯರಿಗೆ ಸರಿಯಾಗಿ ಕನ್‌ಕ್ಲೂಷನ್ ಸಿಕ್ಕಿತು, ಲ್ಯಾಬಿನಲ್ಲಿ ಆದ ಹಾಗೆ.

ಅಂಕಲ್ ಏನೂ ಹೇಳಲಿಲ್ಲ. ಎದ್ದು ಬಂದು ಸೀಟಿನ ಮೇಲಿದ್ದ ಧೂಳನ್ನು ಕೈಯಿಂದ ಒರೆಸಿದರು. "ಹಾಗಾದ್ರೆ ಸೋಮವಾರ ಕೊಟ್ಟುಬಿಡುವ" ಅಂತ ಹೇಳಿ ಹಟ್ಟಿಯ ಕಡೆಗೆ ಹೋದರು. ಹಾಲು ಕರೆಯುವ ಹೊತ್ತು ಆಗಿರಲಿಲ್ಲ. ಕಡಬ ನಮ್ಮ ಮುಖ ನೋಡದೆ ಅಡಿಕೆ ಹರಡಲು ಶುರು ಮಾಡಿದ. ಒಳಗಿನಿಂದ ಆಂಟಿ ಬಂದು "ದಾದ ಆಂಡ್?" ಅಂತ ತುಳುವಿನಲ್ಲಿ ಕೇಳಿದರು. ಯಾರೂ ಉತ್ತರ ಹೇಳಲಿಲ್ಲ.

ಲ್ಯಾಬಿನಲ್ಲಿ ರೀಡಿಂಗ್ ತಪ್ಪಿದರೆ ಮಾರ್ಕ್ ಹೋಗುತ್ತದೆ. ಇಲ್ಲಿ ಹೋಗುವುದು ಎಂತದು ಅಂತ ಅಲ್ಲಿಯವರೆಗೆ ನಾವು ಯೋಚನೆಯೇ ಮಾಡಿರಲಿಲ್ಲ.

ರಾತ್ರಿ ಊಟ ಆದ ಮೇಲೆ ಪುತ್ತೂರು ಮಾವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ರೀಡಿಂಗ್ ಹೇಳಿದ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ನಾಲ್ಕು ಪ್ರಶ್ನೆ ಕೇಳಿದರು.

"ಎಂಜಿನ್ ಬಿಸಿ ಮಾಡಿದ್ರಾ?"

ಇಲ್ಲ.

"ಮೂರು ಪ್ಲಗ್ಗೂ ಒಟ್ಟಿಗೆ ತೆಗೆದಿದ್ರಾ?"

ಇಲ್ಲ, ಒಂದೊಂದೇ.

"ಆಕ್ಸಿಲೇಟರ್ ಪೂರ್ತಿ ಮೆಟ್ಟಿ ಹಿಡಿದಿದ್ರಾ?"

ಇಲ್ಲ.

"ಬ್ಯಾಟರಿ?"

ಕೊನೆಕೊನೆಗೆ ಸ್ಟಾರ್ಟರ್ ಎಳೆಯುತ್ತಲೇ ಇರಲಿಲ್ಲ.

"ಅದರ ಮೂಗು ಮುಚ್ಚಿ ಹಿಡಿದು ದಮ್ ಇಲ್ಲ ಅಂತ ಹೇಳ್ತೀರಲ್ಲ ಮಾರಾಯ" ಅಂದರು ಮಾವ. ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅವರು ಹೇಳಿದ್ದು ನೂರಕ್ಕೆ ನೂರು ಫಿಸಿಕ್ಸ್. ಆಕ್ಸಿಲೇಟರ್ ಬಿಟ್ಟಿದ್ದರೆ ಥ್ರಾಟಲ್ ಮುಚ್ಚಿಯೇ ಇರುತ್ತದೆ, ಸಿಲಿಂಡರಿಗೆ ಗಾಳಿ ಸರಿಯಾಗಿ ಹೋಗುವುದಿಲ್ಲ. ಹೋಗದ ಗಾಳಿಯನ್ನು ಪಿಸ್ಟನ್ ಒತ್ತುವುದು ಹೇಗೆ? ಬಾಕಿ ಎರಡು ಪ್ಲಗ್ ಇದ್ದಲ್ಲೇ ಇದ್ದರೆ ಆ ಎರಡು ಸಿಲಿಂಡರಿನ ಗಾಳಿಯನ್ನೂ ಸ್ಟಾರ್ಟರ್ ಒತ್ತಬೇಕು, ಆಗ ಎಂಜಿನ್ ನಿಧಾನ ತಿರುಗುತ್ತದೆ. ನಿಧಾನ ತಿರುಗಿದರೆ ಸೋರಿ ಹೋಗಲು ಗಾಳಿಗೆ ಜಾಸ್ತಿ ಸಮಯ ಸಿಗುತ್ತದೆ. ಬ್ಯಾಟರಿ ವೀಕ್ ಇದ್ದರೂ ಅದೇ ಕಥೆ. ಎಂಜಿನ್ ತಣ್ಣಗಿದ್ದರೆ ಪಿಸ್ಟನ್, ರಿಂಗ್ ತಮ್ಮ ಸರಿಯಾದ ಅಳತೆಗೆ ಹಿಗ್ಗಿರುವುದಿಲ್ಲ. ನಾಲ್ಕು ತಪ್ಪೂ ರೀಡಿಂಗನ್ನು ಒಂದೇ ಕಡೆಗೆ, ಕೆಳಗೆ ಎಳೆಯುವ ತಪ್ಪುಗಳು. ನಾವು ನಾಲ್ಕನ್ನೂ ಮಾಡಿದ್ದೆವು.

ಆದಿತ್ಯವಾರ ಬೆಳಗ್ಗೆ ಮತ್ತೆ ಶುರು. ಈ ಸಲ ಸುಳ್ಯ ಮೊದಲೇ ಪುಸ್ತಕದಲ್ಲಿ ಸ್ಟೆಪ್ ಬರೆದು ಒಂದೊಂದಕ್ಕೇ ಟಿಕ್ ಹಾಕುತ್ತಾ ಹೋದಳು. ಅದನ್ನೇ ಇಲ್ಲಿ ಹೇಳುತ್ತೇವೆ, ನಿಮ್ಮ ಮನೆಯಲ್ಲೂ ಬೇಕಾಗಬಹುದು.

ಎಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಸಿ ಮಾಡಿದೆವು. ಆಫ್ ಮಾಡಿ ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದೆವು, ಇಗ್ನಿಷನ್ ಕಾಯಿಲಿನ ಕನೆಕ್ಟರ್ ಕಳಚಿದೆವು. ಇಲ್ಲದಿದ್ದರೆ ತೆರೆದ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುವಾಗ ಪಕ್ಕದಲ್ಲೇ ಕಿಡಿ ಹಾರುವ ಅಪಾಯ ಉಂಟು. ಪ್ಲಗ್ಗಿನ ಸುತ್ತ ಇದ್ದ ಮಣ್ಣನ್ನು ಊದಿ ತೆಗೆದು ಮೂರನ್ನೂ ಕಳಚಿ ಸಾಲಾಗಿ ಪೇಪರಿನ ಮೇಲೆ ಇಟ್ಟೆವು. ಒಂದು ಮತ್ತು ಎರಡನೆಯದು ತಿಳಿ ಕಂದು. ಮೂರನೆಯದು ಕಪ್ಪು, ಒದ್ದೆ. ನಿನ್ನೆಯೂ ಅದು ಹಾಗೆಯೇ ಇತ್ತು, ನಾವು ನೋಡಿರಲಿಲ್ಲ. ನಮ್ಮ ಕಣ್ಣೆಲ್ಲ ಗೇಜಿನ ಮೇಲಿತ್ತು.

ಪಕ್ಕದ ಮನೆಯ ಪಿಕಪ್ ತಂದು ಬ್ಯಾಟರಿಗೆ ಕೇಬಲ್ ಹಾಕಿದೆವು. ಗೇಜನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿದೆವು, ಯಾಕೆಂದರೆ ಎಂಜಿನ್ನಿನ ಹೆಡ್ ಅಲ್ಯುಮಿನಿಯಂ, ಥ್ರೆಡ್ ಓರೆಯಾದರೆ ಮತ್ತೆ ದೊಡ್ಡ ಖರ್ಚು. ಒಬ್ಬ ಆಕ್ಸಿಲೇಟರ್ ಪೂರ್ತಿ ಮೆಟ್ಟಿ ಹಿಡಿದು ಕೀ ತಿರುಗಿಸುವುದು, ಒಬ್ಬ ಗೇಜ್ ನೋಡುವುದು, ಒಬ್ಬಳು ಬರೆಯುವುದು. ಪ್ರತಿ ಸಿಲಿಂಡರಿಗೂ ಆರು ಪೆಟ್ಟು. ಪ್ರತಿಯೊಂದನ್ನೂ ಮೂರು ಸಲ.

ಒಂದು: 152. ಎರಡು: 148. ಮೂರು: 84.

ಮೂರು ಸಲವೂ ಎರಡು-ಮೂರು ಪಿಎಸ್‌ಐ ಆಚೆ ಈಚೆ, ಅಷ್ಟೆ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಿನ್ನೆ 'ಹೋಗಿದೆ' ಅಂದ ಎರಡು ಸಿಲಿಂಡರ್ ಇವತ್ತು ಒಳ್ಳೆಯ ಆರೋಗ್ಯದಲ್ಲಿ ಇದ್ದವು. ರಾತ್ರೋರಾತ್ರಿ ಅವು ಗುಣ ಆದದ್ದಲ್ಲ.

ಸಾಮಾನ್ಯ ಲೆಕ್ಕ ಹೀಗೆ: ಅತಿ ಕಡಿಮೆ ಇರುವ ಸಿಲಿಂಡರ್ ಅತಿ ಹೆಚ್ಚಿನದರ 75 ಶೇಕಡಕ್ಕಿಂತ ಕೆಳಗೆ ಇರಬಾರದು. 152ರ 75 ಶೇಕಡ 114. ನಮ್ಮ ಮೂರನೆಯದು 84, ಅಂದರೆ 55 ಶೇಕಡ. ಒಂದೊಂದು ಗೇಜು ಒಂದೊಂದು ರೀತಿ ತೋರಿಸಬಹುದು, ಊರಿನ ಎತ್ತರಕ್ಕೂ ರೀಡಿಂಗ್ ಬದಲಾಗುತ್ತದೆ. ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋದರೆ ಗಾಳಿಯ ಒತ್ತಡವೇ ಸುಮಾರು 12 ಶೇಕಡ ಕಡಿಮೆ, ಇದೇ ಎಂಜಿನ್ ಅಲ್ಲಿ 152ರ ಬದಲು 135ರ ಹತ್ತಿರ ತೋರಿಸೀತು. ಇದು ಸುಳ್ಯದವಳ ಲೆಕ್ಕ, ಅವಳ ಚಿಕ್ಕಮ್ಮನ ಮನೆ ಮಡಿಕೇರಿಯಲ್ಲಿ. ಹಾಗಾಗಿ ಒಂದೇ ಎಂಜಿನ್ನಿನ ಸಿಲಿಂಡರ್‌ಗಳನ್ನು ಒಂದಕ್ಕೊಂದು ಹೋಲಿಸುವುದೇ ನಂಬುವಂಥ ಮಾತು.

ನಡುವೆ ಒಂದು ತಲೆನೋವು. ಈ ಎಂಜಿನ್ನಿನ ಕಂಪ್ರೆಷನ್ ರೇಶಿಯೊ ಸುಮಾರು 9. ಗಾಳಿಯ ಒತ್ತಡ 14.7 ಪಿಎಸ್‌ಐ, ಒಂಬತ್ತು ಪಾಲು ಮಾಡಿ ಗೇಜಿನ ಲೆಕ್ಕಕ್ಕೆ 14.7 ಕಳೆದರೆ ಸುಮಾರು 118 ಬರಬೇಕು. 152 ಬಂದದ್ದು ಹೇಗೆ? ಅಡಿಕೆ ರಾಶಿಯ ಪಕ್ಕ ಕೂತು ಯೋಚನೆ ಮಾಡುವಾಗ ತಲೆಗೆ ಹೊಳೆಯಿತು: ಗಾಳಿಯನ್ನು ಬೇಗ ಒತ್ತಿದರೆ ಅದು ಬಿಸಿ ಆಗುತ್ತದೆ, ಬಿಸಿ ಗಾಳಿ ಇನ್ನೂ ಜಾಸ್ತಿ ದೂಡುತ್ತದೆ. ಪರೀಕ್ಷೆಯಲ್ಲಿ ಬರೆದ ಗಾಮಾ 1.4 ಇದೇ. ಅದನ್ನು ಹಾಕಿದರೆ ಲೆಕ್ಕ 300 ದಾಟುತ್ತದೆ. ನಿಜವಾದ ಎಂಜಿನ್ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಬಿಸಿ ಸ್ವಲ್ಪ ಗೋಡೆಗೆ ಹೋಗುತ್ತದೆ, ಗಾಳಿ ಸ್ವಲ್ಪ ಸೋರುತ್ತದೆ, ಪಿಸ್ಟನ್ ಮೇಲೆ ಬರಲು ಶುರು ಮಾಡಿದ ಮೇಲೂ ಇನ್‌ಲೆಟ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಗಾಮಾವನ್ನು ನಾವು ಮೊದಲ ಸಲ ನಿಜವಾಗಿ ನೋಡಿದ್ದು ಆ ಅಂಗಳದಲ್ಲಿ. 1860ರಲ್ಲಿ ಪ್ಯಾರಿಸಿನ ಲೆನ್ವಾರ್ ಮಾಡಿದ ಎಂಜಿನ್ನಿನಲ್ಲಿ ಹೀಗೆ ಒತ್ತುವ ಕೆಲಸವೇ ಇರಲಿಲ್ಲ. ಅದು ಸುಟ್ಟ ಗ್ಯಾಸಿನಲ್ಲಿ ಕೆಲಸಕ್ಕೆ ಸಿಗುತ್ತಿದ್ದದ್ದು ಬಹಳ ಕಡಿಮೆ. 1876ರಲ್ಲಿ ಓಟೊ ಒತ್ತಿ ಉರಿಸುವ ನಾಲ್ಕು ಸ್ಟ್ರೋಕಿನ ಎಂಜಿನ್ ಓಡಿಸಿದ ಮೇಲೆ ದಾರಿ ಬದಲಾಯಿತು. ದಮ್ ಇಲ್ಲದ ಎಂಜಿನ್ ಅಂದರೆ ಓಟೊಗಿಂತ ಹಿಂದಿನ ಕಾಲಕ್ಕೆ ಹೋದ ಎಂಜಿನ್.

ಮೂರನೆಯದು ಯಾಕೆ 84? ಗಾಳಿ ಹೋಗಲು ಮೂರು ದಾರಿ ಉಂಟು: ಕೆಳಗೆ ರಿಂಗಿನ ಸಂದಿಯಿಂದ, ಮೇಲೆ ವಾಲ್ವಿನಿಂದ, ಬದಿಯಲ್ಲಿ ಹೆಡ್ ಗ್ಯಾಸ್ಕೆಟ್‌ನಿಂದ. ಯಾವುದು ಅಂತ ತಿಳಿಯಲು ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳತೆ ಮಾಡುವುದು ಹಳೆಯ ಉಪಾಯ. ಆಯಿಲ್ ರಿಂಗಿನ ಸಂದಿಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ರೀಡಿಂಗ್ ಚೆನ್ನಾಗಿ ಏರಿದರೆ ತಪ್ಪು ರಿಂಗಿನದ್ದು. ಏರದಿದ್ದರೆ ಮೇಲಿನದ್ದು. ನಮ್ಮದು 84ರಿಂದ 88ಕ್ಕೆ ಬಂತು, ಅಷ್ಟೇ. ಅಂದರೆ ರಿಂಗ್ ಅಲ್ಲ. ಗ್ಯಾಸ್ಕೆಟ್ ಎರಡು ಸಿಲಿಂಡರಿನ ನಡುವೆ ಒಡೆದಿದ್ದರೆ ಪಕ್ಕದ ಎರಡನೆಯದೂ ಬೀಳಬೇಕಿತ್ತು, ಅದು 148ರಲ್ಲಿ ಗಟ್ಟಿ ಇದೆ. ಉಳಿದದ್ದು ವಾಲ್ವ್.

ಈ ಸಲ ಅಂಕಲಿಗೆ ಹೇಳಲು ಯಾರೂ ಓಡಲಿಲ್ಲ. ಮತ್ತೆ ಮಾವನಿಗೆ ಫೋನ್. "ವಾಲ್ವ್ ಇರ್ಬಹುದು. ಗಾಳಿ ಬಿಟ್ಟು ಕೇಳಿ ನೋಡಿ, ಆಮೇಲೆ ಹೇಳಿ" ಅಂದರು.

ಪ್ಲಗ್ ಹಾಕಿ ಎರಡೂವರೆ ಸಿಲಿಂಡರಿನಲ್ಲಿ ಗಾಡಿಯನ್ನು ಪೇಟೆಯ ಪಂಕ್ಚರ್ ಅಂಗಡಿಗೆ ಓಡಿಸಿದೆವು. ಅಂಕಲ್ ತಾವೇ ಡ್ರೈವ್ ಮಾಡಿದರು, ಒಂದು ಮಾತಿಲ್ಲ. ಅಂಗಡಿಯಲ್ಲಿ ಮೂರೂ ಪ್ಲಗ್ ತೆಗೆದು, ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಮೆಲ್ಲ ದೂಡಿದೆವು. ಮೂರನೇ ತೂತಿನ ಮೇಲೆ ಪುತ್ತೂರಿನವನ ಹೆಬ್ಬೆರಳು. ಗಾಳಿ ಬೆರಳನ್ನು ದೂಡಿತು ಅಂದರೆ ಅದು ಕಂಪ್ರೆಷನ್ ಸ್ಟ್ರೋಕ್, ಎರಡೂ ವಾಲ್ವ್ ಮುಚ್ಚಿರಬೇಕಾದ ಹೊತ್ತು. ಒಂದು ಜ್ಯೂಸ್ ಸ್ಟ್ರಾ ಇಳಿಸಿ ಪಿಸ್ಟನ್ ತೀರ ಮೇಲೆ ಬರುವವರೆಗೆ ದೂಡಿ, ಸ್ಟ್ರಾ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೆವು. ಗೇಜಿನ ಹೋಸಿನ ತುದಿಯಲ್ಲಿ ಟ್ಯೂಬಿನದ್ದರಂಥ ಒಂದು ಪಿನ್ ವಾಲ್ವ್ ಇರುತ್ತದೆ. ಅದನ್ನು ತೆಗೆದು ಹೋಸಿಗೆ ಅಂಗಡಿಯ ಕಂಪ್ರೆಸರಿನಿಂದ ಕಡಿಮೆ ಪ್ರೆಷರಿನಲ್ಲಿ ಗಾಳಿ ಬಿಟ್ಟೆವು. ಅಂಗಡಿಯವರು, "ಟಯರಿಗೆ ಗಾಳಿ ಹಾಕಿ ಗೊತ್ತುಂಟು, ಎಂಜಿನ್ನಿಗೆ ಹಾಕುವುದು ಇವತ್ತೇ ನೋಡುವುದು" ಅಂತ ನಗಾಡಿದರು.

ಈಗ ಕೇಳುವ ಕೆಲಸ. ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್: ಇಲ್ಲ. ಏರ್ ಫಿಲ್ಟರಿನ ಕಡೆಯಿಂದ ಶಬ್ದ ಬಂದರೆ ಇನ್‌ಲೆಟ್ ವಾಲ್ವ್: ಇಲ್ಲ. ಆಯಿಲ್ ಹಾಕುವ ಕಡೆಯಿಂದ ಬಂದರೆ ರಿಂಗ್: ಸಣ್ಣಕ್ಕೆ ಇತ್ತು, ಅಷ್ಟು ಎಲ್ಲ ಎಂಜಿನ್ನಿನಲ್ಲೂ ಇರುತ್ತದೆ. ಉಳಿದದ್ದು ಸೈಲೆನ್ಸರ್. ನಾವು ಆ ಕಡೆ ಹೋಗುವ ಮೊದಲೇ ಅಂಕಲ್ ಲುಂಗಿ ಎತ್ತಿ ಕಟ್ಟಿ ಗಾಡಿಯ ಹಿಂದೆ ಮೊಣಕಾಲೂರಿ ಸೈಲೆನ್ಸರ್ ಪೈಪಿಗೆ ಕಿವಿ ಕೊಟ್ಟರು.

"ಇಲ್ಲಿ ಬರ್ತಾ ಉಂಟು" ಅಂದರು. "ಉಸ್ ಅಂತ ಬರ್ತಾ ಉಂಟು. ಬನ್ನಿ, ಕೇಳಿ."

ನಾವು ಒಬ್ಬೊಬ್ಬರಾಗಿ ಬಗ್ಗಿ ಕೇಳಿದೆವು. ಪಂಕ್ಚರ್ ಅಂಗಡಿಯವರೂ ಕೇಳಿದರು. ನಿಂತು ನೋಡುತ್ತಿದ್ದ ರಿಕ್ಷಾದವರು ಒಬ್ಬರೂ ಕೇಳಿದರು. ಎಕ್ಸಾಸ್ಟ್ ವಾಲ್ವ್ ಅಂತ ನಾವು ಹೇಳುವ ಅಗತ್ಯವೇ ಬರಲಿಲ್ಲ. ಹೊಗೆ ಹೋಗುವ ದಾರಿಯಲ್ಲಿ ಗಾಳಿ ಹೋಗುತ್ತಿದೆ ಅಂತ ಅವರ ಕಿವಿಗೇ ಗೊತ್ತಾಯಿತು.

ಬ್ರೋಕರಿಗೆ ಅಂಕಲ್ ಅಲ್ಲಿಂದಲೇ ಫೋನ್ ಮಾಡಿ ಸೋಮವಾರ ಬರುವುದು ಬೇಡ ಅಂದರು.

ಗಾಡಿಯನ್ನು ಮೊದಲಿನ ಗ್ಯಾರೇಜಿಗೇ ಕೊಂಡುಹೋದೆವು. ಸುಳ್ಯ ರೀಡಿಂಗಿನ ಹಾಳೆ ಹರಿದು ಕೊಟ್ಟಳು. ಅವರು ಬೇಸರ ಮಾಡಿಕೊಳ್ಳುತ್ತಾರೆ ಅಂತ ನಮಗೆ ಹೆದರಿಕೆ ಇತ್ತು. ಅವರು ಹಾಳೆಯನ್ನು ಎರಡು ಸಲ ಓದಿ, "ಹಾಗಾದ್ರೆ ಹೆಡ್ ಮಾತ್ರ ಬಿಚ್ಚುವ. ಬೋರ್ ನೋಡಿ ಆಮೇಲೆ ಹೇಳ್ತೇನೆ" ಅಂದರು. ಅವರು ಮೊದಲು ಹೇಳಿದ್ದು ಸುಳ್ಳು ಅಂತ ನಮಗೆ ಅನ್ನಿಸುವುದಿಲ್ಲ. ದಿನಕ್ಕೆ ಹತ್ತು ಗಾಡಿ ಬರುವ ಜಾಗದಲ್ಲಿ ಒಂದೂವರೆ ಲಕ್ಷ ದಾಟಿದ ಎಂಜಿನ್ ನಡುಗಿದರೆ ಸಾಮಾನ್ಯವಾಗಿ ಏನು ಹೇಳುತ್ತಾರೋ ಅದನ್ನು ಹೇಳಿದ್ದರು. ಅವರು ಅಳತೆ ಮಾಡದೆ ಹೇಳಿದರು. ನಾವು ತಪ್ಪು ಅಳತೆ ಮಾಡಿ ಅದನ್ನೇ ಹೇಳಿದೆವು. ಎರಡರಲ್ಲಿ ನಮ್ಮದೇ ಜಾಸ್ತಿ ಅಪಾಯದ್ದು, ಯಾಕೆಂದರೆ ನಮ್ಮ ಮಾತಿಗೆ ನಂಬರ್ ಇತ್ತು. ಅಂಕಲ್ ಗ್ಯಾರೇಜಿನವರ ಮಾತು ಕೇಳಿಯೂ ಹತ್ತು ದಿನ ಯೋಚನೆ ಮಾಡಿದ್ದರು. ನಮ್ಮ ಮಾತು ಕೇಳಿ ಒಂದು ನಿಮಿಷದಲ್ಲಿ ಕೊಟ್ಟುಬಿಡುವ ಅಂದಿದ್ದರು.

ಹೆಡ್ ಬಿಚ್ಚಿದಾಗ ನಾವೂ ಇದ್ದೆವು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಅಂಚು ಒಂದು ಕಡೆ ಸುಟ್ಟು, ಇಲಿ ಕಡಿದ ಬಿಸ್ಕತ್ತಿನ ಹಾಗೆ ಆಗಿತ್ತು. ಬೋರಿನಲ್ಲಿ ಉಗುರಿಗೆ ಸಿಗುವಂಥ ಗೀರು ಇರಲಿಲ್ಲ. ಕಾರಣವೂ ಸಿಕ್ಕಿತು: ಟ್ಯಾಪೆಟ್ ಗ್ಯಾಪ್ ಎಷ್ಟೋ ವರ್ಷದಿಂದ ನೋಡಿಸಿಯೇ ಇರಲಿಲ್ಲ. ಗ್ಯಾಪ್ ಮುಚ್ಚಿಹೋದರೆ ವಾಲ್ವ್ ಪೂರ್ತಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಿಡುವುದೇ ಸೀಟಿಗೆ ಒತ್ತಿ ಕೂತಾಗ. ಕೂರದಿದ್ದರೆ ಅಂಚು ಸುಡುತ್ತದೆ. "ಈಗ ಎಲ್ಲ ಪೆಟ್ರೋಲಿನ ಎಥನಾಲಿಂದ" ಅಂತ ಅಲ್ಲಿ ಯಾರೋ ಹೇಳಿದರು. ಇಲ್ಲಿ ಎಥನಾಲಿಗಿಂತ ಮೊದಲು ಕೇಳಬೇಕಿದ್ದದ್ದು ಆ ಸಣ್ಣ ಗ್ಯಾಪನ್ನು. ಹೊಸ ವಾಲ್ವ್, ಸೀಟ್ ಗ್ರೈಂಡಿಂಗ್, ಗ್ಯಾಸ್ಕೆಟ್, ಆಯಿಲ್, ಮಜೂರಿ ಸೇರಿ ಬಿಲ್ 8,600 ರೂಪಾಯಿ ಆಯಿತು. ಕೆಲಸ ಮುಗಿದ ಮೇಲೆ ಮತ್ತೆ ಅಳತೆ ಮಾಡಿದೆವು: 154, 150, 151.

ಜೀಪಿನ ಮನೆಯವರಿಗೆ ಒಂದು ಎಚ್ಚರಿಕೆ. ಡೀಸೆಲ್ ಎಂಜಿನ್ನಿಗೆ ಈ ಗೇಜ್ ಹಾಕಬೇಡಿ. ಅಲ್ಲಿ ಒತ್ತಡ 400 ಪಿಎಸ್‌ಐ ಹತ್ತಿರ ಹೋಗುತ್ತದೆ, ಗೇಜೂ ಹಾಳು, ಮುಖಕ್ಕೂ ಅಪಾಯ. ಅದಕ್ಕೆ ಬೇರೆಯೇ ಗೇಜ್ ಉಂಟು.

ಅಂಕಲ್ ಈಗ ಮತ್ತೆ ಲೈನಿಗೆ ಹೋಗುತ್ತಿದ್ದಾರೆ. ಸುಳ್ಯದವಳು ಹರಿದುಕೊಟ್ಟ ಹಾಳೆಯನ್ನು ಅವರು ಗ್ಯಾರೇಜಿನಿಂದ ವಾಪಸ್ ಕೇಳಿ ತೆಗೆದುಕೊಂಡರು. ಅದು ಈಗ ಡ್ಯಾಶ್‌ಬೋರ್ಡಿನಲ್ಲಿ ಆರ್‌ಸಿ, ಇನ್ಶೂರೆನ್ಸ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿದೆ. ಕೆಳಗೆ ಹೊಸ ರೀಡಿಂಗ್, ತಾರೀಕು, ಓಡಿದ ಕಿಲೋಮೀಟರ್, ಅವರದ್ದೇ ಕೈಬರಹದಲ್ಲಿ. ಶನಿವಾರದ ತಪ್ಪು ರೀಡಿಂಗೂ ಅದೇ ಹಾಳೆಯಲ್ಲಿ ಉಂಟು: 70, 65, 40. ಹೊಡೆದು ಹಾಕುವ ಅಂತ ನಾವು ಹೇಳಿದೆವು. "ಇರ್ಲಿ ಮಕ್ಕಳೇ, ಅದೂ ಇರ್ಲಿ" ಅಂದರು.

ಗೇಜನ್ನು ಮಾವ ನಮಗೇ ಕೊಟ್ಟಿದ್ದಾರೆ. ಅದು ಈಗ ಹಾಸ್ಟೆಲಿನಲ್ಲಿ ಪುತ್ತೂರಿನವನ ಕಪಾಟಿನಲ್ಲಿದೆ, ಅದೇ ಲುಂಗಿ ತುಂಡಿನಲ್ಲಿ. ರಜೆಗೆ ಊರಿಗೆ ಹೋಗುವಾಗ ಯಾರಿಗೆ ಬೇಕಿದ್ದರೂ ಕೊಂಡುಹೋಗಬಹುದು. ಬಾಡಿಗೆ ಇಲ್ಲ. ಆದರೆ ಬಾಗಿಲಲ್ಲೇ ನಾಲ್ಕು ಪ್ರಶ್ನೆ ಕೇಳುತ್ತೇವೆ, ಬಿಸಿ, ಪ್ಲಗ್, ಆಕ್ಸಿಲೇಟರ್, ಬ್ಯಾಟರಿ. "ಗೊತ್ತುಂಟು, ಯೂಟ್ಯೂಬಲ್ಲಿ ನೋಡಿದ್ದೇನೆ" ಅಂತ ಹೇಳಿದವರಿಗೆ ಕೊಡುವುದಿಲ್ಲ.